ಮುತ್ಯಾನ ಮೂಗು ಮತ್ತು ಒಂದು ಅಗ್ಗದ ಟ್ಯಾಬು

ನಮ್ಮ ಮನೆತನದವರು ಯಾವ ವಸ್ತುವನ್ನೂ ಮೂಗಿಗೆ ಹಿಡಿಯದೆ ಕೊಂಡವರಲ್ಲ. ಜೋಳ, ತೊಗರಿ, ಕಡಲೆಗಳ ಮಾತು ಬಿಡಿ, ಅವುಗಳನ್ನು ಮೂಸಿ ನೋಡುವುದು ವ್ಯಾಪಾರಧರ್ಮ. ಆದರೆ ನನ್ನ ತಂದೆ ಹೊಸ ಧೋತರವನ್ನು ಮೂಸುತ್ತಿದ್ದರು, ಪಂಚಾಂಗವನ್ನು ಮೂಸುತ್ತಿದ್ದರು, ನನ್ನ ಲಗ್ನಪತ್ರಿಕೆ ಛಾಪಖಾನೆಯಿಂದ ಬಂದಾಗ ಒಕ್ಕಣೆಯನ್ನು ಓದುವ ಮೊದಲೇ ಅದನ್ನೂ ಮೂಸಿ, "ಮಸಿ ಇನ್ನೂ ಹಸಿ ಐತಿ" ಎಂದು ಹಿಂದಕ್ಕೆ ಕಳಿಸಿದ್ದರು. ಹುಬ್ಬಳ್ಳಿಯ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಅವರು ಚೀಲದ ಬಾಯಿಯಲ್ಲಿ ಕಾಣುವ ಕಾಳನ್ನು ಎಂದೂ ನಂಬಿದವರಲ್ಲ. "ಬಾಯಾಗಿನ ಕಾಳು ಹೊಸಾ ಅಳಿಯಾ ಇದ್ದಂಗ, ಮೊದಲನೇ ದಿವಸ ಛಲೋನ ಕಾಣ್ತಾನ" ಎನ್ನುತ್ತ ಮೊಳಕೈವರೆಗೆ ತೋಳನ್ನು ಚೀಲದೊಳಗೆ ಇಳಿಸಿ, ತಳದ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ಮೂಗಿಗೆ ಹಿಡಿಯುತ್ತಿದ್ದರು. ಆ ಒಂದೇ ಉಸಿರಿನಲ್ಲಿ ಜೋಳ ಯಾವ ಸೀಮೆಯದು, ಮಳೆಗೆ ಸಿಕ್ಕಿತ್ತೋ ಇಲ್ಲವೋ, ಮಾರುವವನ ಮಾತಿನಲ್ಲಿ ಸುಳ್ಳೆಷ್ಟು ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತೆಂದು ಪೇಟೆಯಲ್ಲಿ ಪ್ರತೀತಿಯಿತ್ತು. ಆ ಪ್ರತೀತಿಯನ್ನು ಹಬ್ಬಿಸಿದವರಲ್ಲಿ ಅವರೂ ಒಬ್ಬರು.

ಅಂಗಡಿ ನನಗೆ ಬರಲಿಲ್ಲ. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದೆ, ಅಂದರೆ ವ್ಯಾಪಾರ ಮಾಡದೆಯೇ ವ್ಯಾಪಾರದ ಬಗ್ಗೆ ಮೂವತ್ತು ವರ್ಷ ಮಾತಾಡಿದೆ. ಪಿತ್ರಾರ್ಜಿತವಾಗಿ ನನ್ನ ಪಾಲಿಗೆ ಬಂದದ್ದು ಅಪ್ಪನ ತಿರಸ್ಕಾರವೊಂದೇ, ಅದನ್ನು ಮಾತ್ರ ನಾನು ಬೆಳೆಸಿಕೊಂಡು ಬಂದಿದ್ದೇನೆ. ಮಾರುವವರ ಮಾತು, ಕೊಳ್ಳುವವರ ಮೋಹ, ಡಬ್ಬಿಯ ಮೇಲಿನ ಬಣ್ಣ, ರಿಯಾಯಿತಿಯ ಫಲಕ, ಇವುಗಳಲ್ಲಿ ಯಾವುದನ್ನು ಕಂಡರೂ ನನ್ನ ಮೂಗಿನ ಹೊಳ್ಳೆಗಳು ತಾವಾಗಿ ಅಗಲವಾಗುತ್ತವೆ ಎಂದು ನನ್ನ ಹೆಂಡತಿಯ ದೂರು.

ಆದರೆ ಮೂಗಿನ ನಿಜವಾದ ವಾರಸುದಾರಿಣಿ ಹುಟ್ಟಿದ್ದು ಎರಡು ತಲೆಮಾರಿನ ನಂತರ. ನನ್ನ ಮಗನ ಮಗಳು ನೀಲಾ, ಆರು ವರ್ಷದವಳು, ಒಂದನೆಯ ಇಯತ್ತೆಯಲ್ಲಿದ್ದಾಳೆ. ಕೈಗೆ ಬಂದುದೆಲ್ಲವನ್ನೂ ಮುಖಕ್ಕೆ ಹತ್ತಿಸಿಕೊಳ್ಳುವುದು ಆಕೆಯ ಅಭ್ಯಾಸ: ರೊಟ್ಟಿ, ಚಿತ್ರದ ಪುಸ್ತಕ, ಅಂಗಳದ ದಾಸವಾಳ, ನನ್ನ ಕೈಗಡಿಯಾರ. ಇದನ್ನು ಮೊಟ್ಟಮೊದಲು ಗಮನಿಸಿದ ಕೀರ್ತಿ ನನ್ನದು. "ಮುತ್ಯಾನ ಮೂಗು ಬಂದೈತಿ ನೋಡ್ರಿ ಇಕಿಗೆ" ಎಂದು, ಅಂದರೆ ಮುತ್ತಜ್ಜನಾದ ನಮ್ಮಪ್ಪನ ಮೂಗು ಬಂದಿದೆಯೆಂದು, ನಾನು ಘೋಷಿಸಿದ ದಿನದಿಂದ ನಮ್ಮ ನವನಗರದ ಮನೆಗೆ ಬಂದ ಯಾವ ಅತಿಥಿಯೂ ಈ ಪ್ರದರ್ಶನವನ್ನು ನೋಡದೆ ಚಹ ಕುಡಿದದ್ದಿಲ್ಲ. ನನ್ನ ಹೆಂಡತಿ ಒಳಗಿನಿಂದ ಒಂದು ಹಿಡಿ ಜೋಳ ತಂದು ಹುಡುಗಿಯ ಅಂಗೈಗೆ ಹಾಕುವಳು, ಹುಡುಗಿ ಅದನ್ನು ಮೂಗಿನ ತುದಿಗೆ ತಗಲುವಷ್ಟು ಹತ್ತಿರ ಒಯ್ಯುವಳು, ಬಂದವರು ಬೆರಗಾಗುವರು, ನಾನು ನಮ್ಮಪ್ಪನ ಕಥೆಯನ್ನು ಆರಂಭಿಸುವೆನು. ಕಥೆ ಮುಗಿಯುವ ಮೊದಲು ಎದ್ದು ಹೋದವರ ಸಂಸ್ಕಾರದ ಬಗ್ಗೆ ನನಗೆ ಈಗಲೂ ಒಳ್ಳೆಯ ಅಭಿಪ್ರಾಯವಿಲ್ಲ.

ಇಂಥ ವಂಶದ ಕುಡಿ ಓದಿನಲ್ಲಿ ಹಿಂದಿದ್ದಾಳೆಂದು ಸಾಲೆಯಿಂದ ಚೀಟಿ ಬಂತು. ಹಲಗೆಯ ಮೇಲಿನದನ್ನು ಬರೆದುಕೊಳ್ಳುವಾಗ ಅಕ್ಷರ ನುಂಗುತ್ತಾಳಂತೆ, ಒಂದು ಬರೆದರೆ ಇನ್ನೊಂದು ಆಗಿರುತ್ತದಂತೆ, ಎಷ್ಟೋ ಸಲ ಬರೆಯದೆ ಸುಮ್ಮನೆ ಕೂತಿರುತ್ತಾಳಂತೆ. ಏಕಾಗ್ರತೆ ಸಾಲದು, ಮಕ್ಕಳ ಕಲಿಕೆಗೆಂದು ಆ್ಯಪುಗಳು ಬಂದಿವೆ, ಒಂದು ಟ್ಯಾಬ್ ಕೊಡಿಸಿದರೆ ಸುಧಾರಿಸಬಹುದು ಎಂದೂ ಅದರಲ್ಲಿತ್ತು. ದೊಡ್ಡ ಹಲಗೆಯ ಮೇಲಿನದನ್ನು ಬರೆಯಲಾರದ ಮಗುವಿಗೆ ಸಣ್ಣ ಹಲಗೆ ಕೊಡಿಸಿರಿ ಎನ್ನುವ ಈ ಚಿಕಿತ್ಸಾಕ್ರಮವನ್ನು ಯಾವ ಮಹಾವಿದ್ಯಾಲಯದಲ್ಲಿ ಕಲಿಸುತ್ತಾರೋ ನಾನರಿಯೆ. ಟ್ಯಾಬ್ಲೆಟ್ ಅಂದರೆ ಗುಳಿಗೆ ಎಂಬ ಹಾಸ್ಯವನ್ನು ನಮ್ಮ ಓಣಿಯ ಮುದುಕರೆಲ್ಲರೂ ಮಾಡಿ ಮುಗಿಸಿರುವುದರಿಂದ ಅದನ್ನು ನಿಮ್ಮ ಮುಂದೆ ನಾನು ಮಾಡುವುದಿಲ್ಲ.

ನಗುವ ಸಂಗತಿಯೂ ಅದಾಗಿರಲಿಲ್ಲ. ಸಂಜೆಯಾದರೆ ಸೊಸೆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ತಪ್ಪು ತಿದ್ದಿಸುವಳು, ಅರ್ಧ ತಾಸಿನಲ್ಲಿ ಇಬ್ಬರೂ ಅಳುವರು. ಒಂದು ದಿನ ನೀಲಾ ನನ್ನ ಖುರ್ಚಿಯ ಹತ್ತಿರ ಬಂದು, "ಅಜ್ಜಾ, ದಡ್ಡಿ ಅಂದ್ರ ಏನು?" ಎಂದು ಕೇಳಿದಳು. ನಾನು ಆ ಪದದ ಅರ್ಥ ಹೇಳದೆ, ಅದನ್ನು ಬಳಸಿದವರ ಬುದ್ಧಿಮಟ್ಟದ ಮೇಲೆ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಕೇಳಿದವಳು ನಡುವೆಯೇ ಎದ್ದು ಹೋಗಿ ಟೀವಿಯ ಮುಂದೆ ಗಾಜಿಗೆ ಹಣೆ ತಗಲುವಂತೆ ಕೂತಳು, ಅವಳಜ್ಜಿ ರಟ್ಟೆ ಹಿಡಿದು ಹಿಂದಕ್ಕೆಳೆದಳು, ಅವಳು ಮತ್ತೆ ಮುಂದೆ ಸರಿದಳು. ಹಟಮಾರಿತನವೂ ಮುತ್ಯಾನದೇ ಎಂದು ನಾವು ತೀರ್ಮಾನಿಸಿದೆವು.

ಇನ್ನು ಟ್ಯಾಬಿನ ಆಯ್ಕೆ. ಈ ಕಾಲದವರು ಒಂದು ವಸ್ತುವನ್ನು ಕೊಳ್ಳುವ ಮೊದಲು ಅದನ್ನು ಬೇರೆಯವರು ಕೊಂಡದ್ದನ್ನು ನೋಡುತ್ತಾರೆ. ನನ್ನ ಮಗ ಬಸವರಾಜ ಹದಿನೈದು ದಿನ ಊಟದ ತಟ್ಟೆಯ ಪಕ್ಕದಲ್ಲಿ ಫೋನನ್ನು ಲೋಟಕ್ಕೆ ಆನಿಸಿಟ್ಟುಕೊಂಡು, ಯಾರೋ ಮಹಾನುಭಾವರು ಡಬ್ಬಿಯ ಮೇಲಿನ ಪ್ಲಾಸ್ಟಿಕ್ಕನ್ನು ಗರ್ಭಗುಡಿಯ ಪರದೆ ಸರಿಸುವ ಭಕ್ತಿಯಿಂದ ಸುಲಿಯುವುದನ್ನು ನೋಡಿದ. ನೋಡಿ ನೋಡಿ ಅವನಿಗೆ ತಿಳಿದದ್ದು ಇಷ್ಟು: ಒಳ್ಳೆಯದು ದುಬಾರಿ, ಅಗ್ಗದ್ದು ಅಷ್ಟು ಒಳ್ಳೆಯದಲ್ಲ. ನಮ್ಮಪ್ಪ ಇದನ್ನು ಬೆಳಗಿನ ಕಸ ಹೊಡೆಯುವ ಮೊದಲೇ ಹೇಳಿಬಿಡುತ್ತಿದ್ದರು. ಅಗ್ಗದ್ದು ಎನ್ನಲು ನಾಚಿಕೆಯಾಗಿ 'ಬಜೆಟ್ ಟ್ಯಾಬ್' ಎನ್ನುತ್ತಾರೆ. ಆ ಒಂದು ಶಬ್ದದಿಂದ ಜಿಪುಣತನಕ್ಕೆ ಅರ್ಥಮಂತ್ರಿಯ ಗಾಂಭೀರ್ಯ ಪ್ರಾಪ್ತವಾಗುತ್ತದೆ. ಬಾಜೂ ಮನೆಯ ಪಾಟೀಲರು, ಬ್ಯಾಂಕಿನಿಂದ ನಿವೃತ್ತರಾದವರು, ಗೇಟಿನ ಆಚೆ ನಿಂತೇ ಸಲಹೆ ಕೊಟ್ಟರು: "ರ್‍ಯಾಮ್ ಎಷ್ಟೈತಿ ನೋಡ್ರಿ. ರ್‍ಯಾಮ್ ಛಲೋ ಇದ್ರ ಮುಗೀತು." ರ್‍ಯಾಮ್ ಅಂದರೇನೆಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನಮ್ಮ ದಾಸವಾಳದ ಗಿಡವನ್ನು ನೋಡಿ, "ಅದು ಒಳಗ ಇರ್ತೈತ್ರಿ" ಎಂದರು.

ಒಳಗಿರುವುದನ್ನು ಪರೀಕ್ಷಿಸುವುದು ನಮ್ಮ ಕುಲವೃತ್ತಿಯಾದುದರಿಂದ ಆ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಒಂದು ರವಿವಾರ ನೀಲಾಳ ಕೈ ಹಿಡಿದು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಟೆ. ಮಗ ಕೊಟ್ಟ ಮೂರು ಹೆಸರುಗಳ ಚೀಟಿಯನ್ನು ಬಸ್ಸಿನಲ್ಲೇ ಮಡಚಿ ಜೇಬಿನ ತಳಕ್ಕೆ ತಳ್ಳಿದೆ.

ಅಂಗಡಿಯೆಂದರೆ ಅಂಗಡಿಯ ವಾಸನೆ ಇರಬೇಕು. ನಾವು ಹೊಕ್ಕ ಟ್ಯಾಬಿನ ಅಂಗಡಿಯಲ್ಲಿ ಇದ್ದದ್ದು ತಣ್ಣನೆಯ ಗಾಳಿ ಮಾತ್ರ. ನಮ್ಮನ್ನು ಎದುರುಗೊಂಡವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಕೊರಳಲ್ಲಿ ಗುರುತಿನ ಚೀಟಿ, ಕಣ್ಣಿಗೆ ಸೀಸೆಯ ಬುಡದಷ್ಟು ದಪ್ಪನೆಯ ಗಾಜು. "ಬರ್ರಿ ಅಂಕಲ್, ಏನ್ ಬಜೆಟ್‌ನ್ಯಾಗ ನೋಡೋಣ?" ಎಂದಳು. ಅಂಕಲ್ ಎನಿಸಿಕೊಂಡ ಅವಮಾನವನ್ನು ನುಂಗಿ, ಇಷ್ಟು ದಪ್ಪ ಗಾಜಿನಾಚೆಯಿಂದ ಇಣುಕುವವಳು ನನಗೆ ಪರದೆಯ ಸ್ಪಷ್ಟತೆಯನ್ನು ವಿವರಿಸುವ ವಿಪರ್ಯಾಸವನ್ನು ಮನಸ್ಸಿನಲ್ಲೇ ಸವಿದೆ. ಆ ಮಾತನ್ನು ಇಲ್ಲಿ ಮುಚ್ಚಿಡಬಹುದಿತ್ತು, ಮುಚ್ಚಿಡುವುದಿಲ್ಲ. ನೀವು ನನ್ನನ್ನು ನೋಡಬೇಕಾದದ್ದು ಅಲ್ಲಿಂದಲೇ.

ಆಕೆ ಕೌಂಟರಿನ ಮೇಲೆ ಐದು ಟ್ಯಾಬುಗಳನ್ನು ಸಾಲಾಗಿ ಇಟ್ಟಳು. ಐದರಲ್ಲೂ ಒಂದೇ ಚಿತ್ರ ಓಡುತ್ತಿತ್ತು: ಹಸಿರು ಕಾಡು, ಹಸಿರು ಟೊಂಗೆ, ಟೊಂಗೆಯ ಮೇಲೆ ಹಸಿರು ಗಿಳಿಗಳು. ಮಕ್ಕಳದೆಂದು ತೋರಿಸಿದ್ದಕ್ಕೆ ಕಪ್ಪೆಯ ಕಣ್ಣುಗಳಿದ್ದ ರಬ್ಬರಿನ ಅಂಗಿ ತೊಡಿಸಿದ್ದರು, ಡಬ್ಬಿಯ ಮೇಲೆ 'ಕಣ್ಣಿಗೆ ಹಿತ' ಎಂಬರ್ಥದ ಬರಹವಿತ್ತು. ನಾನು ಉಪನ್ಯಾಸ ಆರಂಭಿಸಿದೆ. ಇದೆಲ್ಲ ಚೀಲದ ಬಾಯಿ, ನನಗೆ ತಳ ಬೇಕು. ಈ ಗಿಳಿಗಳನ್ನು ತೆಗೆದರೆ ಒಳಗೇನು ಉಳಿಯುತ್ತದೆ. ಎರಡು ವರ್ಷದ ಮೇಲೆ ಇದು ಯಾವ ದನಿಯಲ್ಲಿ ನರಳುತ್ತದೆ. ಬೆರಳ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿದೆ. "ಬಡೀಬ್ಯಾಡ್ರಿ ಅಂಕಲ್, ಗ್ಲಾಸ್ ಹೋಗ್ತೈತಿ" ಎಂದು ಆಕೆ ಎರಡು ಸಲ ಬೇಡಿಕೊಂಡಳು. ಕೊನೆಗೆ, ಹೇಳಲು ಸಂಕೋಚವೇನು, ಕಪ್ಪೆಯಂಗಿಯ ಟ್ಯಾಬನ್ನು ಎತ್ತಿ ಮೂಸಿಯೂ ನೋಡಿದೆ. ಹೊಸ ಚಪ್ಪಲಿಯ ವಾಸನೆ ಬಂತು.

ಅಷ್ಟರಲ್ಲಿ ನೀಲಾ ಸ್ಟೂಲು ಹತ್ತಿ, ಒಂದನೆಯದರಿಂದ ಐದನೆಯದರವರೆಗೆ ಪ್ರತಿಯೊಂದರ ಮೇಲೂ ಬಾಗಿ ಮೂಗನ್ನು ಗಾಜಿಗೆ ಹಚ್ಚುತ್ತ ಸಾಗಿದ್ದಳು. ನನ್ನ ಎದೆ ಹಿಗ್ಗಿತು. "ನೋಡ್ರಿ," ಎಂದೆ ಆ ಹೆಣ್ಣುಮಗಳಿಗೆ, "ನಮ್ಮಪ್ಪ ಜ್ವಾಳದ ಚೀಲ ಹಿಂಗ ನೋಡ್ತಿದ್ರು. ರಕ್ತದಾಗ ಬಂದೈತಿ."

ಆಕೆ ನನ್ನ ಕಡೆ ನೋಡಲಿಲ್ಲ. ಹುಡುಗಿಯನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಟ್ಯಾಬನ್ನು ಎದೆಗೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, "ಪುಟ್ಟಿ, ಇದರಾಗ ಗಿಳಿ ಎಷ್ಟ ಅದಾವ ಎಣಿಸು ನೋಡೋಣು" ಎಂದಳು.

ನೀಲಾ ಕಣ್ಣು ಕಿರಿದು ಮಾಡಿ, ಸ್ಟೂಲಿನಿಂದ ಇಳಿಯಲು ಹೋದಳು. ಆಕೆ ಅಲ್ಲಿಂದಲೇ ನೋಡೆಂದಳು. "ಗಿಳಿ ಎಲ್ಲಿ ಅದಾವ್ರಿ?" ಎಂದಳು ನೀಲಾ. "ಹಸರ ಐತಿ ಅಷ್ಟ."

ಅಂಗಡಿಯಾಕೆ ಟ್ಯಾಬನ್ನು ಕೆಳಗಿಟ್ಟಳು. ಅಂಕಲ್ ಅನ್ನುವುದನ್ನು ಬಿಟ್ಟಿದ್ದಳು. "ಕಾಕಾರ, ತಪ್ಪ ತಿಳೀಬ್ಯಾಡ್ರಿ. ಇದು ವಾಸನಿ ನೋಡೋದಲ್ರಿ, ಅಕಿಗೆ ಕಾಣಾಕತ್ತಿಲ್ಲ. ನಾನೂ ಹಿಂಗ ಇದ್ದೆ. ನಾಕನೇ ಇಯತ್ತೆ ಮಟಾ ದಡ್ಡಿ ಅನಿಸಿಕೊಂಡೆ. ಹಲಗಿ ಮ್ಯಾಲೆ ಏನರ ಬರದಿರ್ತಾರ ಅನ್ನೋದ ನನಗ ಗೊತ್ತಿರಲಿಲ್ರಿ, ಎಲ್ಲಾರೂ ಮನಸ್ಸಿನಾಗಿಂದ ಬರೀತಾರ ಅಂತ ತಿಳಕೊಂಡಿದ್ದೆ. ಟ್ಯಾಬ್ ಇವತ್ತ ಬ್ಯಾಡ್ರಿ, ಮೊದಲ ಕಣ್ಣು ತೋರಸ್ರಿ."

ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದ ನನಗೆ, ಕೈಗೆ ಬಂದ ಗಿರಾಕಿಯನ್ನು ಹೀಗೆ ತಾನಾಗಿ ತಿರುಗಿ ಕಳಿಸುವ ವ್ಯಾಪಾರಿಯನ್ನು ಯಾವ ಅಧ್ಯಾಯದಲ್ಲಿ ಸೇರಿಸಬೇಕೆಂದು ತಿಳಿಯಲಿಲ್ಲ. ಹುಡುಗಿಯನ್ನು ಸ್ಟೂಲಿನಿಂದ ಇಳಿಸಿಕೊಂಡು ಹೊರಬಂದೆ.

ಕಣ್ಣಿನ ಡಾಕ್ಟರರು ಗಾಜಿನ ಮೇಲೆ ಗಾಜು ಹಾಕುತ್ತ ಹೋದರು, ನೀಲಾ ಒಂದೊಂದೇ ಸಾಲು ಕೆಳಗಿಳಿದು ಓದುತ್ತ ಹೋದಳು. ಒಂದಕ್ಷರವನ್ನೂ ನುಂಗಲಿಲ್ಲ. "ಇಷ್ಟ ದಿವಸ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನ್ರಿ?" ಎಂದು ಡಾಕ್ಟರರು ಕೇಳಿದಾಗ ಮಗ ಸೊಸೆಯನ್ನು ನೋಡಿದ, ಸೊಸೆ ನೆಲ ನೋಡಿದಳು, ನನ್ನ ಹೆಂಡತಿ ನನ್ನನ್ನು ನೋಡಿದಳು. ಗೊತ್ತಾಗಿತ್ತು ಡಾಕ್ಟರೇ, ಬಹಳ ದಿನದಿಂದ ಗೊತ್ತಿತ್ತು, ಬಂದವರಿಗೆಲ್ಲ ತೋರಿಸಿ ಚಹ ಕೊಡುತ್ತಿದ್ದೆವು ಎಂದು ಹೇಳಬೇಕಾಗಿತ್ತು. ಜೀವಮಾನದಲ್ಲಿ ನಾನು ಅಷ್ಟು ನಾಚಿದ್ದು ನೆನಪಿಲ್ಲ. ಜಗತ್ತಿನವರೆಲ್ಲ ಚೀಲದ ಬಾಯಿ ನೋಡಿ ಮೋಸಹೋಗುವ ಮಂಕರೆಂದು ಹೀಗಳೆಯುತ್ತ ಬಂದವನು, ನನ್ನ ತೊಡೆಯ ಮೇಲೆ ಕೂತ ಮಗುವಿನ ವಿಷಯದಲ್ಲಿ ಒಂದು ದಿನವೂ ಚೀಲದ ತಳ ನೋಡಿರಲಿಲ್ಲ.

ಕನ್ನಡಕ ಬಂದ ದಿನ ನಾನೂ ನೀಲಾಳೂ ನವನಗರದ ಬಸ್ಸಿಗಾಗಿ ನಿಂತಿದ್ದೆವು. ಬಸ್ಸು ದೂರದಲ್ಲಿರುವಾಗಲೇ ಅವಳು ನನ್ನ ಕೈ ಜಗ್ಗಿದಳು. "ಅಜ್ಜಾ, ಬಸ್ಸಿನ ಮ್ಯಾಲೆ ಹೆಸರ ಬರದಿರ್ತಾರೇನು? ನೀ ವಾಸನಿ ಮ್ಯಾಲೆ ಗುರ್ತ ಹಿಡೀತಿ ಅಂತ ತಿಳಕೊಂಡಿದ್ದೆ." ತಾನು ಬಹಳ ಸಲ ಪ್ರಯತ್ನಪಟ್ಟದ್ದಾಗಿಯೂ, ಎಲ್ಲ ಬಸ್ಸುಗಳಿಗೂ ಒಂದೇ ವಾಸನೆ ಬರುತ್ತಿದ್ದುದಾಗಿಯೂ ಹೇಳಿದಳು. ನಾನು ಜೇಬಿನಲ್ಲಿ ಚಿಲ್ಲರೆ ಹುಡುಕುತ್ತ ನಿಂತೆ.

ಮುಂದಿನ ವಾರ ಆ ಅಂಗಡಿಯಾಕೆಗೆ ನಾಲ್ಕು ಒಳ್ಳೆಯ ಮಾತು ಹೇಳಿಬರೋಣವೆಂದು ಹೋದೆ. ತಿರಸ್ಕಾರದಲ್ಲಿ ಪಳಗಿದ ನಾಲಗೆ ಹೊಗಳಿಕೆಗೆ ಹೊರಳಲಿಲ್ಲ, "ನಂಬರ ಎಷ್ಟ ಬಂತ್ರಿ ಕಾಕಾರ?" ಎಂದು ಆಕೆಯೇ ಕೇಳಿದಳು, ನಾನು ಕನ್ನಡಕದ ನಂಬರು ಹೇಳಿದೆ, ಆಮೇಲೆ ನನಗೆ ಬೇಡವಾಗಿದ್ದ ಒಂದು ಚಾರ್ಜರಿನ ವಾಯರು ಕೊಂಡು ಮನೆಗೆ ಬಂದೆ. ಟ್ಯಾಬು ಇನ್ನೂ ಬಂದಿಲ್ಲ. ಹಲಗೆಯ ಮೇಲಿನದನ್ನು ನೀಲಾ ಈಗ ತಪ್ಪಿಲ್ಲದೆ ಬರೆಯುತ್ತಾಳೆ, ಸಾಲೆಯ ಚೀಟಿಯಲ್ಲಿ ಅದನ್ನು ಏಕಾಗ್ರತೆಯ ಸುಧಾರಣೆ ಎಂದು ಕರೆದಿದ್ದಾರೆ. ಅವರನ್ನು ಗೇಲಿ ಮಾಡುವ ಹಕ್ಕನ್ನು ನಾನು ಕಳೆದುಕೊಂಡಿರುವುದರಿಂದ ಓದಿ ಸಹಿ ಹಾಕಿದೆ.

ಮೊನ್ನೆ ಹೆಬ್ಬಳ್ಳಿ ಎಂಬ ಹಳ್ಳಿಯಿಂದ ನನ್ನ ಹೆಂಡತಿಯ ಅಣ್ಣ ಪ್ರತಿವರ್ಷದಂತೆ ಜೋಳದ ಚೀಲ ಕಳಿಸಿದ. ಮರ್ಯಾದೆ ಹೋದರೂ ಪದ್ಧತಿ ಹೋಗುವುದಿಲ್ಲ. ಪಡಸಾಲೆಯಲ್ಲಿ ಚೀಲ ಬಿಚ್ಚಿಸಿ, ಅಂಗಿಯ ತೋಳು ಮಡಚಿ, ಮೊಳಕೈವರೆಗೆ ಕೈಯಿಳಿಸಿ ತಳದ ಹಿಡಿ ತೆಗೆದೆ. ಕಣ್ಣು ಮುಚ್ಚಿ ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದೆ. ನಮ್ಮಪ್ಪನ ದನಿಯನ್ನೇ ತಂದುಕೊಂಡು, "ಛಲೋ ಐತಿ, ತುಂಬಿಡ್ರಿ" ಎಂದು ತೀರ್ಪು ಕೊಟ್ಟೆ.

"ಅಜ್ಜಾ," ಎಂದಳು ನೀಲಾ, "ನಿನ್ನ ಮುಂಗೈ ಮ್ಯಾಲೆ ಹುಳ ಹತ್ತಾಕತ್ತೈತಿ. ಜ್ವಾಳದಾಗ ಇನ್ನೂ ಎರಡ ಅದಾವ."

ಕಣ್ಣು ಬಿಟ್ಟು ನೋಡಿದೆ. ಇದ್ದವು. ಅವಳು ಹೊಸ್ತಿಲು ಬಿಟ್ಟು ಹತ್ತಿರ ಕೂಡ ಬಂದಿರಲಿಲ್ಲ.