ಟ್ಯಾಂಕು ತುಂಬುವವರೆಗಿನ ಬ್ಯಾಂಜೋ

ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಮೊನ್ನೆ ನಮ್ಮ ಚಿಕ್ಕಲಸಂದ್ರದ ಮನೆಯಲ್ಲಿ ತಾನಾಗಿಯೇ ನಿಲ್ಲಬೇಕಿದ್ದ ಮೋಟಾರ್ ಕೈಕೊಟ್ಟು, ಟ್ಯಾಂಕು ತುಂಬಿ ತಾರಸಿಯೆಲ್ಲ ನೀರಾಯಿತು. ನಮ್ಮವರು ಮೇಲಿನಿಂದಲೇ ನನಗೆ ಸಹಸ್ರನಾಮ ಶುರು ಮಾಡಿದರು. ಪೊರಕೆ ಹಿಡಿದು ಹೋದವಳು ಆ ವಾಸನೆಗೆ ಹಾಗೇ ನಿಂತುಬಿಟ್ಟೆ. ಜರಗನಹಳ್ಳಿಯ ಓನರ್ ಆಂಟಿ ನೆನಪಾದರು...

ಮದುವೆಯಾದ ಹೊಸತರಲ್ಲಿ ನಾವು ಅವರ ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರದೇ ರಾಗಿ ಹೊಲ ಇದ್ದ ಜಾಗದಲ್ಲಿ ಎದ್ದ ಮನೆ. ಯಜಮಾನರು ತೀರಿಕೊಂಡ ಮೇಲೆ ಮೋಟಾರ್ ಸ್ವಿಚ್ಚು, ಗೇಟಿನ ಬೀಗ, ಯಾರಿಗೆ ಮನೆ ಕೊಡಬೇಕು ಅನ್ನುವುದು, ಮಗನಿದ್ದರೂ ಎಲ್ಲ ಆಂಟಿಯದೇ ದರ್ಬಾರು. ಬಾಡಿಗೆಯವರ ಬಾಯಲ್ಲಿ ಅವರಿಗೆ ಜಂಬಗಾತಿ ಅಂತ ಹೆಸರು. ನೀರು ನಿಂತಿತು ಅಂತ ಮೆಟ್ಟಿಲ ಮೇಲಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನೊಬ್ಬಳ ಜೊತೆ ಮಾತ್ರ ಮಾತು, ನಗು. ಏನೋ ಹಿಂದಿನ ಜನ್ಮದ ಋಣ ಅಂದುಕೊಂಡಿದ್ದೆ. ನನ್ನದು ಮೈಕ್ ಬೇಡದ ಗಂಟಲು ಅಂತ ನಮ್ಮತ್ತೆ ಹೇಳುತ್ತಿದ್ದರು. ಕಾರಣ ಅಷ್ಟೇ ಎಂದು ತಿಳಿದದ್ದು ಆಮೇಲೆ.

ಬೆಳಿಗ್ಗೆ ಮೋಟಾರ್ ಹಾಕಿದ ಕೂಡಲೇ ಅವರ ನಡುಮನೆಯಲ್ಲಿ ಸಂಗೀತ ಶುರುವಾಗುತ್ತಿತ್ತು. ಹಿಂದಿದ್ದ ಬಾಡಿಗೆಯವರು ಖಾಲಿ ಮಾಡುವಾಗ ಬಿಟ್ಟುಹೋದ ರೆಕಾರ್ಡ್ ಪ್ಲೇಯರ್ ಅದು. ಮರದ ಪೆಟ್ಟಿಗೆ, ಸ್ಪೀಕರೂ ಅದರೊಳಗೇ. ಜೊತೆಗೊಂದು ಕಟ್ಟು ಇಂಗ್ಲಿಷ್ ಪ್ಲೇಟು. ಅಷ್ಟರಲ್ಲಿ ಆಂಟಿ ಹಾಕುತ್ತಿದ್ದದ್ದು ಒಂದನ್ನೇ. ಹೊದಿಕೆಯ ಮೇಲೆ ಟೋಪಿಯವನೊಬ್ಬ ಬ್ಯಾಂಜೋ ಹಿಡಿದು ನಿಂತಿದ್ದ. ಜರಡಿಗೆ ಹಿಡಿ ಕಟ್ಟಿದ ಹಾಗಿದ್ದ ಆ ವಾದ್ಯ ನೋಡಿ ಆಂಟಿ ಅದಕ್ಕೆ ಜರಡಿ ಪ್ಲೇಟು ಅಂತಲೇ ಹೆಸರಿಟ್ಟಿದ್ದರು. ಬ್ಲೂಗ್ರಾಸ್ ಅಂತ, ಅಮೆರಿಕದ ಗುಡ್ಡಗಾಡಿನ ಕಡೆಯ ಸಂಗೀತವಂತೆ, ನಮ್ಮವರು ಹೇಳಿದ್ದು. ಹಾಡುವವರು ಯಾರೂ ಇಲ್ಲ. ಎಣ್ಣೆಗೆ ಬಿದ್ದ ಸಾಸಿವೆಯಂತೆ ತಂತಿ ಪಟಪಟ ಸಿಡಿಯತೊಡಗಿದರೆ ಉಸಿರಾಡಲು ಬಿಡುವಿಲ್ಲ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಬರಬರುತ್ತ ನಾನೇ ಅದರ ಓಟಕ್ಕೆ ಸೊಪ್ಪು ಹೆಚ್ಚತೊಡಗಿದೆ. ಎಷ್ಟು ಜೋರಾಗಿ ಓಡಿದರೂ ಅದರಲ್ಲಿ ಗಾಬರಿಯಿಲ್ಲ. ಹಬ್ಬದ ದಿನ ಮನೆತುಂಬ ಜನ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಮಗ್ಗುಲು ಮುಗಿದು ಮುಳ್ಳು ನಡುವಿಗೆ ಬಂತೆಂದರೆ ಆಂಟಿ ಎದ್ದು ಮೋಟಾರ್ ಆರಿಸುತ್ತಿದ್ದರು. ಟ್ಯಾಂಕು ಅಷ್ಟೊತ್ತಿಗೆ ಸರಿಯಾಗಿ ತುಂಬಿರುತ್ತಿತ್ತು. ಬೀದಿಯ ಮಿಕ್ಕ ಓನರುಗಳೆಲ್ಲ ಮೇಲಿಂದ ನೀರು ಸುರಿಯುವ ಸದ್ದು ಕೇಳಿ ಎದ್ದರೆ, ನಮ್ಮ ಆಂಟಿಗೆ ಪ್ಲೇಟೇ ಗಡಿಯಾರ. ಏನು ಶೋಕಿನಪ್ಪಾ ಅಂತ ನಾವೆಲ್ಲ ನಗುತ್ತಿದ್ದೆವು.

ಒಂದು ಭಾನುವಾರ ಪ್ಲೇಟು ಮುಗಿಯಲೇ ಇಲ್ಲ. ನೀರು ಕಾದ ಸಿಮೆಂಟಿನ ಅದೇ ವಾಸನೆ ಎಬ್ಬಿಸುತ್ತ ಮೆಟ್ಟಿಲಿಳಿದು ಗೇಟಿನವರೆಗೆ ಬಂತು. ಬಾಡಿಗೆಯವರು ಹೊರಗೆ ನಿಂತು ಕೂಗಾಡುತ್ತಿದ್ದರು. ನಾನು ಕೆಳಗೆ ಓಡಿದೆ. ಆಂಟಿ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದಲ್ಲಿ ಎಂಥ ಸುಖ... ಮುಳ್ಳು ಒಂದು ಗೀರಿನಲ್ಲಿ ಸಿಕ್ಕಿಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ಬಾರಿಸುತ್ತಿತ್ತು. ನನ್ನ ಗಂಟಲಿಗೂ ಅವರು ಕಣ್ಣು ಬಿಡಲಿಲ್ಲ. ಭುಜ ಮುಟ್ಟಿದೆ. ಮುಳ್ಳು ನೋಡಿದರು, ಕಿಟಕಿಯಾಚೆ ಸುರಿಯುತ್ತಿದ್ದ ನೀರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಇಷ್ಟು ದಿನ ನಾವು ಜಂಬ ಅಂದದ್ದು ಅವರ ಕಿವುಡನ್ನು.

ಮೋಟಾರ್ ಆರಿಸಿ ಬಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮಗನಿಗೆ ಹೇಳ್ಬೇಡ ಕಣವ್ವ. ಕಿವಿ ಹೋಯ್ತು ಅಂದ್ರೆ ಮೋಟ್ರೂ ಹೋಯ್ತದೆ, ಬೀಗದ ಕೈನೂ ಹೋಯ್ತದೆ. ನೀನು ಹಾಯಾಗಿ ಕೂತ್ಕೊ ಅಮ್ಮ ಅಂತಾನೆ. ಅಷ್ಟೇ, ಮುಗೀತು."

ನಾನು ಹೊರಗೆ ಬಂದು, ಸ್ವಿಚ್ಚು ಕಚ್ಚಿಕೊಂಡಿತ್ತು ಕಣ್ರೀ ಅಂತ ಬೀದಿಗೆಲ್ಲ ಕೇಳುವಂತೆ ಹೇಳಿದೆ. ಗಂಟಲು ಒಂದು ಒಳ್ಳೆಯ ಕೆಲಸಕ್ಕೆ ಬಂತು. ಸಂಜೆ ಕಾಫಿ ಕುಡಿಯುವಾಗ, ಅಷ್ಟೊಂದು ಪ್ಲೇಟಿದ್ದರೂ ಇದೊಂದೇ ಯಾಕೆ ಅಂತ ಅವರ ಎದುರು ಕೂತು ಕೇಳಿದೆ.

"ಮನುಷ್ಯರ ದನಿ ಬಂದ್ರೆ, ಯಾವ ಭಾಷೆ ಆಗ್ಲಿ, ಏನಂದ್ರು ಏನಂದ್ರು ಅಂತ ಜೀವ ಒದ್ದಾಡ್ತದೆ. ಇದ್ರಲ್ಲಿ ಯಾರೂ ಏನೂ ಅನ್ನಲ್ಲ. ಕೈಗೆ ಸಿಕ್ಕಿದ್ದೇ ಪೂರ್ತಿ. ನಿಂಗೆ ಎಷ್ಟು ಗೊತ್ತಾಯ್ತದೋ ನಂಗೂ ಅಷ್ಟೇ."

ಅಂದಿನಿಂದ ಮೋಟಾರ್ ಹಾಕಿದಾಗೆಲ್ಲ ನನ್ನ ಒಂದು ಕಿವಿ ಕೆಳಗೇ. ಪ್ಲೇಟು ಗೀರಿನಲ್ಲಿ ಸಿಕ್ಕಿಕೊಂಡರೆ ಸಕ್ಕರೆಯೋ ಕರಿಬೇವೋ ಕೇಳುವ ನೆಪದಲ್ಲಿ ಇಳಿದು ಮುಳ್ಳು ಸರಿಸಿ ಬರುತ್ತಿದ್ದೆ. ಮಗ ಕನಕಪುರ ರಸ್ತೆಯಲ್ಲಿದ್ದ ತನ್ನ ಹಾರ್ಡ್‌ವೇರ್ ಅಂಗಡಿಯ ಗಲಾಟೆಯಲ್ಲಿ ಮುಳುಗಿದ್ದ, ಅವನಿಗೆ ತಿಳಿಯಲಿಲ್ಲ.

ಆಮೇಲೆ ನಾವು ಈ ಸ್ವಂತ ಮನೆಗೆ ಬಂದೆವು. ಕಿವಿಯ ವಿಷಯ ಅವನಿಗೆ ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಪಾಪ, ಕೆಟ್ಟವನಲ್ಲ. ತಾಯಿಯ ಕಿವಿಗೆ ಮಿಷನ್ ತಂದ, ಮೋಟಾರಿಗೆ ತಾನೇ ನಿಲ್ಲುವ ಸ್ವಿಚ್ಚು ಹಾಕಿಸಿದ. ನಾನು ನೋಡಲು ಹೋದಾಗ ಆಂಟಿ ನಗುತ್ತಲೇ ಇದ್ದರು. ಸೊಸೆ ಗೊಣಗುವುದೂ ಈಗ ಕೇಳುತ್ತದೆ, ಮೊದಲೇ ಚೆನ್ನಾಗಿತ್ತು ಅಂದರು. ಬೀಗದ ಕೈ ಸೊಸೆಯ ಸೆರಗಿನಲ್ಲಿತ್ತು.

"ಕೂತಿದೀನಿ ನೋಡವ್ವ," ಅಂದರು.

ಆಮೇಲೆ ಕಿವಿಯ ಮಿಷನ್ ಬಿಚ್ಚಿಟ್ಟು ಪ್ಲೇಟು ಹಾಕಿದರು. ನನ್ನ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಅದರ ಮೇಲೆ ತಮ್ಮದನ್ನಿಟ್ಟರು. ಗೀರು ಬಂತು. ನಾನು ಏಳುವುದರೊಳಗೆ ಅವರೇ, ಕಣ್ಣು ತೆರೆಯದೆ, ಕೈಚಾಚಿ ಬೆರಳ ತುದಿಯಲ್ಲಿ ಮುಳ್ಳನ್ನು ಮುಂದಕ್ಕೆ ಸರಿಸಿದರು. ಪ್ಲೇಟು ಸಿಕ್ಕಿಕೊಂಡದ್ದು ಅಂಗೈಗೇ ತಿಳಿಯುವಷ್ಟು ಕಲಿತುಬಿಟ್ಟಿದ್ದರು. ಆದರೆ ಆರಿಸಲು ಮೋಟಾರೇ ಅವರ ಕೈಯಲ್ಲಿ ಇರಲಿಲ್ಲ. ಆ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

ಆಂಟಿ ತೀರಿಕೊಂಡ ಮೇಲೆ ಮಗನೇ ಪ್ಲೇಯರ್ ತಂದುಕೊಟ್ಟ. ಮಹಡಿ ಮನೆ ಅಕ್ಕನಿಗೇ ಕೊಡು ಅಂತ ಅಮ್ಮ ಹೇಳಿದ್ದರಂತೆ. ಅದು ಅಟ್ಟದ ಮೇಲೇ ಇತ್ತು. ಮೊನ್ನೆಯ ವಾಸನೆಗೆ ಇಳಿಸಿ ಒರೆಸಿಟ್ಟೆ. ಎಲೆಕ್ಟ್ರಿಷಿಯನ್ ಇವತ್ತು, ನಾಳೆ ಅಂತ ಇನ್ನೂ ಬಂದಿಲ್ಲ. ಹಾಗಾಗಿ ಇವತ್ತು ಬೆಳಿಗ್ಗೆ ಮೋಟಾರನ್ನು ಕೈಯಾರೆ ಹಾಕಿ, ಜರಡಿ ಪ್ಲೇಟು ಇಟ್ಟು, ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತೆ. ಕೈಯೊಳಗೆ ಬ್ಯಾಂಜೋ ಓಡತೊಡಗಿತು. ಗೀರಿನ ಹತ್ತಿರ ಬಂದು ಅಲ್ಲೇ ಸಿಕ್ಕಿಕೊಂಡಿತು... ಅದೇ ತುಣುಕು, ಮತ್ತೆ ಅದೇ. ಸ್ವಲ್ಪ ಹೊತ್ತಿಗೆ ತಾರಸಿಯ ಮೇಲೆ ನೀರು ಸುರಿಯುವ ಸದ್ದು ಬಂತು. ನಮ್ಮವರು ಮೇಲಿಂದ ಕೂಗಿದರು.

"ಕಿವಿ ಕೇಳ್ಸಲ್ವೇನೇ ನಿಂಗೆ?"

ಕೇಳಿಸುತ್ತಿತ್ತು. ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅಂಗೈ ಎತ್ತಲು ನನಗೆ ಆಗಲಿಲ್ಲ.