ದೊಡ್ಡಪ್ಪ ಕೇಳಿದ ಬೂಟಿನ ಪ್ರಶ್ನೆ

ಗಂಜಿ ಬೇಯುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಮರಾಠಿ ಸೀಮೆಯ ಮಗ್ಗಗಳ ಊರಾದ ನಮ್ಮ ಇಚಲಕರಂಜಿಗೆ ಹೊಸದಾಗಿ ಬಂದವರು, ನೂಲಿಗೆ ಗಂಜಿ ಹಾಕುವ ಸೈಜಿಂಗಿನ ಮುಂದೆ ಹಾಯುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಹುಳಿ ಬಂದ ಹಿಟ್ಟು, ಬಿಸಿ ಉಗಿ, ಹಸಿ ನೂಲು, ಕಾಯ್ದ ಕಬ್ಬಿಣ ಎಲ್ಲ ಕೂಡಿದ ಆ ವಾಸನೆ ಅರಿವೆಗೆ ಹತ್ತಿದರೆ ಒಗೆದರೂ ಬಿಡದು. ಮೊನ್ನೆ ಯಡ್ರಾವದ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಕಿಟಕಿಯಿಂದ ಅದೇ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದೆ. ನಮ್ಮ ಮನೆ ನಮ್ಮದೇ ಸೈಜಿಂಗಿಗೆ ಬೆನ್ನು ಕೊಟ್ಟು ನಿಂತಿತ್ತು. ಅಡುಗೆಮನೆಯ ರೊಟ್ಟಿಯ ಘಮ ಮುಗಿಯುವಲ್ಲಿ ಗಂಜಿಯ ವಾಸನೆ ಶುರುವಾಗುತ್ತಿತ್ತು. ಹಗಲೆಲ್ಲ ಮಗ್ಗಗಳ ಖಟಖಟ ಗೋಡೆಯ ಮೂಲಕ ಬರುತ್ತಿತ್ತು. ಕರೆಂಟು ಹೋಗಿ ಅದು ಫಕ್ಕನೆ ನಿಂತರೆ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು. ಅಂಥದೊಂದು ಮನೆ ನಿಮಗೂ ಇದ್ದಿರಬೇಕು. ಈಗ ಅದರ ಜಾಗದಲ್ಲಿ ಬೇರೇನೋ ನಿಂತಿರಬೇಕು.

ಆ ಮನೆಯ ಯಜಮಾನ ನನ್ನ ದೊಡ್ಡಪ್ಪ. ಮಗ್ಗದ ಕೂಲಿಕಾರರ ಖಟ್ಲೆ ನಡೆಸುತ್ತ ಹೆಸರಾದ ವಕೀಲ, ಆಮೇಲೆ ನಮ್ಮ ಭಾಗದ ಖಾಸದಾರ. ನಮ್ಮ ಕಡೆ ಸಂಸದನನ್ನು ಮರಾಠಿಯವರಂತೆ ಹಾಗೇ ಕರೆಯುತ್ತಾರೆ. ಆರಿಸಿ ಹೋದದ್ದು ಒಂದೇ ಸಲ, ಕೂತದ್ದು ವಿರೋಧ ಪಕ್ಷದ ಬೆಂಚಿನಲ್ಲಿ. ಸೈಜಿಂಗು, ಮಗ್ಗ, ವ್ಯಾಪಾರ ಎಲ್ಲ ನನ್ನ ಅಪ್ಪನ ಪಾಲಿಗೆ ಬಿದ್ದಿದ್ದವು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ; ಹೀಗಾಗಿ ನಾನು ಬೆಳೆದದ್ದು ಅವನ ಮತ್ತು ದೊಡ್ಡವ್ವನ ನಡುವೆ. ದಿಲ್ಲಿಯಿಂದ ಊರಿಗೆ ಬಂದಾಗ ಅವನು ಪಡಸಾಲೆಯ ಜೋಕಾಲಿಯ ಮೇಲೆ ಕೂತು ಮುಂದಿನ ಭಾಷಣವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡುತ್ತಿದ್ದ. ಕೇಳುವವಳು ದೊಡ್ಡವ್ವ. ಅವಳ ಮುಂದೆ ಮೆಂತೆಯ ಸಿವುಡು, ಮಡಿಲಲ್ಲಿ ಬಿಡಿಸಿದ ಎಲೆ. ಎಲ್ಲಾದರೂ ಮಾತು ತೊಡಕಾದರೆ ಕೈ ನಿಲ್ಲಿಸಿ, "ಇದು ನನಗ ತಿಳೀಲಿಲ್ರಿ. ಮಂತ್ರಿಗೆ ಹ್ಯಾಂಗ ತಿಳೀತೈತಿ?" ಎನ್ನುತ್ತಿದ್ದಳು. "ಮಂತ್ರಿಗೆ ತಿಳೀತೈತಿ ಗಂಗಾ. ತಿಳೀದವರಂಗ ಮಾಡ್ತಾನ," ಎಂದು ಅವನು ನಗುತ್ತಿದ್ದ. ಆದರೂ ಆ ಸಾಲನ್ನು ಬಿಡಿಸಿ ಮತ್ತೆ ಹೇಳುತ್ತಿದ್ದ.

ಅವನು ಹೆಚ್ಚಾಗಿ ಮಾತಾಡುತ್ತಿದ್ದದ್ದು ರಕ್ಷಣಾ ಖಾತೆಯ ಚರ್ಚೆಗಳಲ್ಲಿ. ನೇಕಾರರ ಊರಿನವನಿಗೆ ಸೈನ್ಯದ ಉಸಾಬರಿ ಯಾಕೆ ಎಂದು ಊರಲ್ಲಿ ಕೇಳುವವರಿದ್ದರು. ಕಾರಣ ದೊಡ್ಡವ್ವನ ತವರು. ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳಲ್ಲಿ ಮನೆಯಿಂದ ಒಬ್ಬನಾದರೂ ಫೌಜಿನಲ್ಲಿರುತ್ತಾನೆ. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಟೋಪಿ ಹಾಕಿದ ಹುಡುಗನ ಪಟ. ರಜೆಗೆ ಬಂದ ಮಗನಿಗಾಗಿ ಹೋಳಿಗೆ ಬೇಯುವ, ಅವನು ಹೊರಟ ಮೇಲೆ ಒಲೆಯೇ ಹತ್ತದ ಮನೆಗಳ ನಡುವೆ ಬೆಳೆದವಳು ನನ್ನ ದೊಡ್ಡವ್ವ. ಅಂಥ ಒಂದು ಮನೆಯಿಂದಲೇ ಭೀಮಪ್ಪ ಬಂದ.

ಬಿರು ಬಿಸಿಲಿನ ಮಧ್ಯಾಹ್ನ. ಕೈಯಲ್ಲಿ ಗೊಬ್ಬರದ ಚೀಲದಿಂದ ಹೊಲಿದ ಒಂದು ಕೈಚೀಲ. ದೊಡ್ಡವ್ವನ ತವರೂರಿನವನೇ, ನಾಲ್ಕು ಮಡಿ ಕಬ್ಬು ಬೆಳೆಯುವ ರೈತ. ಅವನ ಹಿರಿಯ ಮಗ ಸಿದ್ದು ಹಿಮದ ಗುಡ್ಡದ ಮೇಲೆ ಕಾವಲಿದ್ದವನು, ಗುಂಡು ತಾಗಿ ಅಲ್ಲ, ಕಾಲು ಹೆಪ್ಪುಗಟ್ಟಿ ಕೊಳೆತು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಊರಿಗೆ ಪೆಟ್ಟಿಗೆ ಬಂದು, ಬಂದೂಕಿನ ವಂದನೆ ಆಗಿ, ಎಲ್ಲ ಮುಗಿದಿತ್ತು. ಭೀಮಪ್ಪ ನೀರು ಕುಡಿದು ಚೀಲ ಬಿಚ್ಚಿ ಒಂದು ಜೋಡಿ ಬೂಟು ತೆಗೆದಿಟ್ಟ. "ಹ್ವಾದ ರಜಾಕ ಬಂದಾಗ ಬಿಟ್ಟು ಹೋಗ್ಯಾನ್ರಿ ಅಣ್ಣಾರ. ಒಂದ ಚಳಿಗಾಲ ಹಾಕ್ಕೊಂಡಿದ್ದನಂತ. ಆಮ್ಯಾಲೆ ಕೊಟ್ಟದ್ದೂ ಇಂಥಾದ್ದಽ ಅಂತ ಫೋನಿನಾಗ ಹೇಳಿದ್ದ. 'ಅಪ್ಪಾ, ನೀರ ಒಳಗ ಬರ್ತೈತಿ' ಅಂದಿದ್ದ," ಎಂದ. ದೊಡ್ಡಪ್ಪ ಒಂದು ಬೂಟನ್ನು ಎತ್ತಿಕೊಂಡು ಒಳಗೆ ಕೈ ಹಾಕಿದ. ತಳ ಬಾಯಿಬಿಟ್ಟು ಅವನ ಬೆರಳುಗಳು ಮುಂದಿನಿಂದ ಹೊರಗೆ ಬಂದವು. ಅವನು ಆ ಬೆರಳುಗಳನ್ನೇ ನೋಡುತ್ತ ಕೂತ. ದೊಡ್ಡವ್ವ ಒಳಗೆ ಹೋಗಿ ತಾಟು ಹಾಕಿದಳು. "ಉಣ್ಣಾಕ ಏಳ್ ಅಣ್ಣಾ," ಎಂದು ಭೀಮಪ್ಪನನ್ನು ತೋಳು ಹಿಡಿದು ಎಬ್ಬಿಸಿದಳು. ಅವನು ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಅತ್ತ.

ದೊಡ್ಡಪ್ಪ ಮೊದಲು ಸಂಸತ್ತಿನಲ್ಲಿ ಲಿಖಿತ ಪ್ರಶ್ನೆ ಹಾಕಿದ. ಬೂಟುಗಳೆಲ್ಲ ನಿಯಮದ ಪ್ರಕಾರವೇ ಇವೆ, ಖರೀದಿಯ ವಿವರವನ್ನು ದೇಶದ ಭದ್ರತೆಯ ದೃಷ್ಟಿಯಿಂದ ತಿಳಿಸಲಾಗದು ಎಂದು ಉತ್ತರ ಬಂತು. ಅದನ್ನು ಓದಿ ಅವನು ಸಿಟ್ಟಾದದ್ದು ನೆನಪಿಲ್ಲ. ಸುಮ್ಮನೆ ಜೋಕಾಲಿ ತೂಗಿಕೊಂಡ. ಮುಂದಿನ ಅಧಿವೇಶನದಲ್ಲಿ ರಕ್ಷಣಾ ಖಾತೆಯ ಚರ್ಚೆ ಬಂದಾಗ ಎದ್ದು ನಿಂತ. ಆ ದಿನ ನಮ್ಮ ಪಡಸಾಲೆ ತುಂಬಿತ್ತು. ಪಾಳಿ ಮುಗಿಸಿದ ಮಗ್ಗದವರು ಕೂದಲಿಗೆ ಹತ್ತಿದ ಹತ್ತಿಯ ಧೂಳಿನೊಂದಿಗೇ ಬಂದು ಟಿವಿಯ ಮುಂದೆ ಕೂತಿದ್ದರು. ಅವನ ಹಿಂದಿಯಲ್ಲಿ ನಮ್ಮ ಕನ್ನಡದ ಎಳೆತವಿತ್ತು. ಕೇಳಿ ನಮಗೆ ನಗು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಈ ಮಾಲನ್ನು ಕೊಂಡವರು ಯಾರು, ಪರೀಕ್ಷಿಸಿ ಒಪ್ಪಿದವರು ಯಾರು ಎಂದು ಅವನು ಕೇಳಿದ. ಇಂಥ ಬೂಟು ಕೊಟ್ಟರೆ ಎಷ್ಟೇ ಧೈರ್ಯವಿದ್ದರೂ ನಮ್ಮ ಸೈನಿಕ ಒಂದು ಹೆಜ್ಜೆ ನಡೆಯಲಾರ ಎಂದ. ಎದುರಿನ ಬೆಂಚುಗಳಿಂದ ಗದ್ದಲ ಎದ್ದಿತು. ಮಂತ್ರಿ ಎದ್ದು ಮತ್ತೆ ಭದ್ರತೆಯ ಮಾತು ತೆಗೆದ. ದೊಡ್ಡಪ್ಪ ಮೈಕಿಗೆ ಬಾಗಿ, "ಬೂಟಿನ ತಳ ದೇಶದ ಗುಟ್ಟಲ್ಲ. ಇದು ಗುಟ್ಟಲ್ಲ, ಕಳವು," ಎಂದ. ಮೈಕು ಬಂದಾಯಿತು. ಅವನ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಕಳವು ಎಂಬ ಮಾತನ್ನು ಸದನದ ಕಡತದಿಂದ ತೆಗೆಸಿದರು. ಆಡಿದ ಮಾತನ್ನು ತೆಗೆಯುವುದು ಹೇಗೆ ಎಂದು ನನಗೆ ಅರ್ಥವಾಗದೆ ಫೋನಿನಲ್ಲಿ ಕೇಳಿದೆ. "ನಾ ಅಂದಿದ್ದ ಅಂದಿಲ್ಲ ಅಂತ ಬರೀತಾರವ್ವಾ," ಎಂದ. ಆದರೆ ತೆಗೆದ ಮಾತಿಗಿಂತ ಉಳಿಸಿಕೊಂಡ ಮಾತು ಹೆಚ್ಚು ಕೆಡುಕು ಮಾಡಿತು. ಅಂದು ಸಂಜೆಯಿಂದಲೇ ಟಿವಿಯ ವಾಹಿನಿಗಳಲ್ಲಿ ಅವನ ಒಂದು ತುಂಡು ಮಾತು ಓಡತೊಡಗಿತು: 'ನಮ್ಮ ಸೈನಿಕ ಒಂದು ಹೆಜ್ಜೆ ನಡೆಯಲಾರ.' ಮೊದಲಿನ ಅರ್ಧ ಇಲ್ಲ, ಬೂಟು ಇಲ್ಲ, ಸಿದ್ದು ಇಲ್ಲ. ಕತ್ತರಿಸಿದವರ ಕೈ ಎಷ್ಟು ಪಳಗಿತ್ತೆಂದರೆ ಅದನ್ನು ಮೊದಲ ಸಲ ಕೇಳಿದಾಗ ನನ್ನ ಅಪ್ಪನೂ, "ಅಣ್ಣ ಹಿಂಗ್ಯಾಕ ಅಂದ?" ಎಂದುಬಿಟ್ಟ. ನಮ್ಮೆದುರಿಗೇ, ಅದೇ ಪಡಸಾಲೆಯಲ್ಲಿ ಕೂತು ಪೂರಾ ಭಾಷಣ ಕೇಳಿದ್ದವನು.

ದಿಲ್ಲಿಯಿಂದ ಬರುತ್ತಿದ್ದ ದೊಡ್ಡಪ್ಪನನ್ನು ಕರೆತರಲು ನಾನೂ ದೊಡ್ಡವ್ವನೂ ಕೊಲ್ಲಾಪುರದ ಸ್ಟೇಶನ್ನಿಗೆ ಹೋಗಿದ್ದೆವು. ಪ್ಲಾಟ್‌ಫಾರ್ಮಿನ ಮೇಲೆ ಹುಡುಗರ ಒಂದು ಗುಂಪು ಹಾರ ಹಿಡಿದು ನಿಂತಿತ್ತು. ಪಕ್ಷದವರಿರಬೇಕು ಎಂದುಕೊಂಡೆವು. ಅವನು ಇಳಿದೊಡನೆ ಒಬ್ಬ ಹಾರ ಹಾಕಿದ, ಇನ್ನೊಬ್ಬ ಕಾಲಿಗೆ ಬೀಳುವವನಂತೆ ಬಾಗಿ ಎದ್ದು ಡಬ್ಬಿಯಲ್ಲಿದ್ದ ಸುಟ್ಟ ಎಣ್ಣೆಯನ್ನು ಮುಖಕ್ಕೆ ಎರಚಿದ. "ದೇಶದ್ರೋಹಿ" ಎಂಬ ಕೂಗು ಎದ್ದಿತು. ಬಿಳಿ ನೆಹರೂ ಶರ್ಟು, ಹಣೆಯ ವಿಭೂತಿ, ಹುಬ್ಬು, ಎಲ್ಲ ಕರಿ. ಪೋಲೀಸಿನವನೊಬ್ಬ ಕಂಬಕ್ಕೆ ಒರಗಿ ನೋಡುತ್ತಿದ್ದ. ದೊಡ್ಡವ್ವ ಅವರ ನಡುವೆ ನುಗ್ಗಿ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಕಣ್ಣ ತೆರೀಬ್ಯಾಡ್ರಿ, ತೆರೀಬ್ಯಾಡ್ರಿ," ಎನ್ನುತ್ತ ಸೆರಗಿನಿಂದ ಒರೆಸಿದಳು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡೇ ಕೈಚಾಚಿ ನನ್ನ ತಲೆ ಹುಡುಕಿದ. "ಎಣ್ಣಿ ಐತಿ ಶೈಲಾ. ಹೋಗತೈತಿ," ಎಂದ.

ಹೋಗದೆ ಉಳಿದದ್ದು ಬೇರೆ. ನೂಲಿನ ವ್ಯಾಪಾರಿಗಳು ಅಪ್ಪನಿಗೆ ಮಾಲು ಕೊಡುವುದನ್ನು ಬಿಟ್ಟರು. ತಪಾಸಣೆಯೆಂದು ಬಂದವರು ಸೈಜಿಂಗಿಗೆ ಬೀಗ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಉಗಿ ಇಲ್ಲದ ಹಿತ್ತಿಲು ತಣ್ಣಗಾಯಿತು. ಊಟಕ್ಕೆ ಕೂತಾಗ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ದಿನ ಅಪ್ಪ ತಾಟು ಸರಿಸಿ ಎದ್ದ. "ಯಾವನೋ ಹ್ವಾದ. ಅವನ ಬೂಟಿನ ಸಲುವಾಗಿ ನಮ್ಮ ಮನೀ ಹ್ವಾತಲ್ಲ ಅಣ್ಣಾ," ಎಂದ.

ಚುನಾವಣೆ ಬಂದಾಗ ದೊಡ್ಡವ್ವ ನನ್ನನ್ನು ಕರೆದುಕೊಂಡು ತವರಿನಲ್ಲಿದ್ದಳು. ಗಡಹಿಂಗ್ಲಜದಲ್ಲಿ ಎದುರು ಪಕ್ಷದ ದೊಡ್ಡ ಸಭೆ. ಅಲ್ಲಿ ಹುತಾತ್ಮನ ತಂದೆ ಮಾತಾಡುತ್ತಾರೆ ಎಂದು ಮೈಕಿನಲ್ಲಿ ಕೂಗಿದರು. ದೊಡ್ಡವ್ವ ರಸ್ತೆಯ ಬದಿಯಲ್ಲಿ ನಿಂತಳು. ನಮ್ಮ ಪಡಸಾಲೆಯಲ್ಲಿ ಕನ್ನಡದಲ್ಲಿ ಅತ್ತಿದ್ದ ಭೀಮಪ್ಪ ಆ ವೇದಿಕೆಯ ಮೇಲೆ ಮರಾಠಿಯಲ್ಲಿ ಮಾತಾಡಿದ. "ಮಾಝ್ಯಾ ಪೋರಾಲಾ ಕಾಹೀಚ ಕಮೀ ನವ್ಹತಂ." ನನ್ನ ಹುಡುಗನಿಗೆ ಯಾವ ಕೊರತೆಯೂ ಇರಲಿಲ್ಲ, ಖಾಸದಾರರು ಅವನ ಸಾವನ್ನು ರಾಜಕಾರಣಕ್ಕೆ ಬಳಸಿದರು ಎಂದ. ಕಲಿಸಿದ ಮಾತೆಂದು ಕೂಸಿಗೂ ತಿಳಿಯುವಂತಿತ್ತು. ಅವನ ಕೊರಳಿಗೆ ಶಾಲು ಹಾಕಿದರು. ಚಪ್ಪಾಳೆ ಬಿದ್ದಿತು. ದೊಡ್ಡವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನನ್ನ ಮಣಿಕಟ್ಟಿನಲ್ಲಿ ಗುರುತು ಮೂಡಿತ್ತು.

ಮರುದಿನ ನಾವು ಊರಿಗೆ ಮರಳಿದಾಗ ಮನೆಯಲ್ಲಿ ಪಕ್ಷದ ಕಾರ್ಯಕರ್ತರು ಕೂಡಿದ್ದರು. ಆ ಬೂಟು ಇನ್ನೂ ನಮ್ಮ ಕಪಾಟಿನಲ್ಲಿತ್ತು. "ಅಣ್ಣಾ, ಸಭಾದಾಗ ಎತ್ತಿ ತೋರಸ್ರಿ. ಯಾರ ತಂದಾರಂತ ಹೇಳ್ರಿ. ಗಾಳಿ ತಿರಗತೈತಿ," ಎಂದು ಒಬ್ಬ ಕೈ ಮುಗಿದ. ದೊಡ್ಡವ್ವ ಒಳಗಿನಿಂದ ತಾನೇ ಬೂಟು ತಂದು ಜೋಕಾಲಿಯ ಮೇಲಿಟ್ಟಳು. "ತೋರಸ್ರಿ. ನಮ್ಮ ಮನೀ ಉಪ್ಪು ಉಂಡು ಅಂಥಾ ಮಾತಾಡ್ಯಾನ," ಎಂದಳು. ದೊಡ್ಡಪ್ಪ ಆ ಬೂಟನ್ನು ತೆಗೆದು ಕೆಳಗಿಟ್ಟ. "ಅವಗ ಇನ್ನೊಬ್ಬ ಮಗಾ ಅದಾನ ಗಂಗಾ. ಸೈನ್ಯದಾಗಽ ಅದಾನ. ಸಣ್ಣಾವ." ಕಾರ್ಯಕರ್ತರ ಕಡೆ ತಿರುಗಿ ಹೇಳಿದ: "ಕೇಳಬೇಕಾದವರನ್ನ ನಾ ಕೇಳೇನಿ. ಭೀಮಪ್ಪನ್ನ ಏನ ಕೇಳೂದೈತಿ?" ಆ ವಾರವೇ ಬೂಟನ್ನು ನಂಬಿಗಸ್ತನೊಬ್ಬನ ಕೈಯಲ್ಲಿ ಭೀಮಪ್ಪನ ಮನೆಗೆ ಕಳಿಸಿಬಿಟ್ಟ. ಮತಗಳ ಎಣಿಕೆಯಲ್ಲಿ ದೊಡ್ಡಪ್ಪ ಸೋತ ದಿನ ನಮ್ಮ ಬಾಗಿಲೆದುರು ಪಟಾಕಿ ಹಚ್ಚಿದವರಲ್ಲಿ, ಅವನು ಖಟ್ಲೆ ಗೆದ್ದುಕೊಟ್ಟ ಮಗ್ಗದವರೂ ಇದ್ದರು. ಅವರ ಮುಖಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಇಂದಿಗೂ ದಾರಿಯಲ್ಲಿ ಎದುರಾದರೆ ಅವರು ನಗುತ್ತಾರೆ, ನಾನು ನಗುವುದಿಲ್ಲ.

ಆಮೇಲೆ ಮನೆ ಒಡೆಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಜೋಕಾಲಿಯ ಒಂದು ಕೊಂಡಿ ನಮ್ಮ ಕಡೆ ಬಂತು, ಇನ್ನೊಂದು ಅವರ ಕಡೆ ಉಳಿಯಿತು. ಅಪ್ಪ ಸೈಜಿಂಗು ಮಾರಿ ನಮ್ಮನ್ನು ಕೊಲ್ಲಾಪುರಕ್ಕೆ ಕರೆದೊಯ್ದ. ರಜೆಗಳಲ್ಲಿ ನಾನು ದೊಡ್ಡಪ್ಪನ ಕಡೆಯ ಅರ್ಧಮನೆಗೆ ಹೋಗುತ್ತಿದ್ದೆ. ಹಾಗೆ ಹೋದಾಗಲೇ ಒಮ್ಮೆ ಟಿವಿಯಲ್ಲಿ ಮಂತ್ರಿಯೊಬ್ಬ ಹೊಸ ಬೂಟನ್ನು ಕ್ಯಾಮೆರಾಗಳಿಗೆ ಎತ್ತಿ ಹಿಡಿದು, ನಮ್ಮ ಯೋಧರಿಗೆ ಇಂಥದ್ದು ಇದೇ ಮೊದಲು ಎಂದು ಹೇಳುವುದನ್ನು ಕಂಡೆವು. ಹಳೆಯದಕ್ಕೆ ಏನಾಗಿತ್ತು ಎಂದು ಯಾರೂ ಕೇಳಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ದೊಡ್ಡಪ್ಪ ಚಷ್ಮಾ ಏರಿಸಿಕೊಂಡು ಮುಂದೆ ಬಾಗಿ ನೋಡಿದ. "ತಳಾ ಗಟ್ಟಿ ಕಾಣ್ತೈತಿ, ಅಲ್ಲನವ್ವಾ?" ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ, ಈಗಲೂ ಇಲ್ಲ.

ಅವನು ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ಪಂಚಗಂಗಾ ಹೊಳೆ ಏರಿ ಅರ್ಧ ರಸ್ತೆಗಳು ಮುಚ್ಚಿದ್ದವು. ಬಂದ ಜನ ಕಡಿಮೆ. ಅವನಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದೆವು. ಆ ಮಳೆಯಲ್ಲಿ ಬಾಗಿಲಾಚೆ, ಬೇವಿನ ಮರದ ಕೆಳಗೆ ಒಬ್ಬ ಮುದುಕ ಕೊಡೆ ಹಿಡಿದು ನಿಂತಿದ್ದ. ಭೀಮಪ್ಪ. ನಾನು ದೊಡ್ಡವ್ವನ ಕಿವಿಯಲ್ಲಿ, "ಒಳಗ ಕರೀಲೇನು?" ಎಂದೆ. ಅವಳು ಬಹಳ ಹೊತ್ತು ಅತ್ತ ನೋಡಿದಳು. "ಬರೂದಿದ್ರ ಅವಗ ದಾರಿ ಗೊತ್ತೈತಿ," ಎಂದಳು. ಅವನು ಬರಲಿಲ್ಲ. ಮಣ್ಣಿಗೆ ಎತ್ತುವಾಗ ಕೊಡೆ ಮಡಿಚಿ, ತೋಯುತ್ತ, ಎಲ್ಲರ ಹಿಂದೆ ದೂರದಲ್ಲಿ ನಡೆದು ಬಂದ. ಹಾಗೇ ಹೋದ.

ಸದನದಲ್ಲಿ, ತೀರಿಹೋದ ಹಳೆಯ ಸದಸ್ಯರನ್ನು ಅಧಿವೇಶನದ ಮೊದಲ ದಿನ ನೆನೆಯುತ್ತಾರೆ. ಅದನ್ನು ಟಿವಿಯಲ್ಲಿ ನೋಡಲೆಂದೇ ನಾನು ಇಚಲಕರಂಜಿಗೆ ಹೋಗಿ ದೊಡ್ಡವ್ವನ ಪಕ್ಕದಲ್ಲಿ ಕೂತೆ. ಅವಳು ತಲೆ ಬಾಚಿ, ತೊಳೆದ ಸೀರೆ ಉಟ್ಟು ಕೂತಿದ್ದಳು. ಅವನ ಹೆಸರು ಬಂತು, ತಪ್ಪು ಉಚ್ಚಾರದಲ್ಲಿ. ವಕೀಲರಾಗಿದ್ದರು, ನೇಕಾರರ ಏಳಿಗೆಗೆ ದುಡಿದರು, ಓದು ಮತ್ತು ತೋಟಗಾರಿಕೆಯಲ್ಲಿ ಅವರಿಗೆ ಆಸಕ್ತಿಯಿತ್ತು. ನಮ್ಮ ಮನೆಯಲ್ಲಿ ತೋಟವೇ ಇರಲಿಲ್ಲ. ಅಂದು ಕೂಗಿದ್ದವರಲ್ಲಿ ಕೆಲವರು ಇನ್ನೂ ಅದೇ ಬೆಂಚುಗಳಲ್ಲಿದ್ದರು. ತಲೆ ಬಾಗಿಸಿ ಎದ್ದು ನಿಂತರು, ಕೂತರು. ಹಿಂದಿ ಸರಿಯಾಗಿ ತಿಳಿಯದ ದೊಡ್ಡವ್ವ ನನ್ನ ಮೊಣಕಾಲು ಮುಟ್ಟಿದಳು.

"ಏನಂದ್ರು?"

ಅಂದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

"ಸಿದ್ದೂಂದು? ಆ ಬೂಟಿಂದು?"

"ಏನೂ ಅನ್ನಲಿಲ್ಲ ದೊಡ್ಡವ್ವಾ."

ಅವಳು ಪರದೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಆಗಲೇ ಇನ್ನಾರದೋ ಹೆಸರು ಓದುತ್ತಿದ್ದರು.

"ಚಲೋ ಆತು," ಎಂದಳು. "ಅವರ ಬಾಯಾಗ ಆ ಮಾತು ಬರೂದೂ ಬ್ಯಾಡ."