ಅಣ್ಣನ ಹೆಸರಿನಲ್ಲಿದ್ದ ಗಾಡಿ

ನಾಲ್ಕು ವರ್ಷದಲ್ಲಿ ಅಣ್ಣ ನನಗೆ ಏಳು ಸಂದೇಶ ಕಳಿಸಿದ್ದಾನೆ. ಏಳೂ ದಂಡದ ನೋಟಿಸುಗಳು, ಪೊಲೀಸರು ಅವನಿಗೆ ಕಳಿಸಿದವು. ಅವನದೆಂದು ಒಂದಕ್ಷರವೂ ಅವುಗಳಲ್ಲಿ ಇರಲಿಲ್ಲ. ತನ್ನ ಫೋನಿಗೆ ಬಂದದ್ದನ್ನು ಬಂದ ಹಾಗೆಯೇ ನನ್ನ ಫೋನಿಗೆ ದಾಟಿಸುತ್ತಿದ್ದ. ಗಾಡಿಯ ನಂಬರು, ತಾರೀಖು, ಗಂಟೆ, ನಿಮಿಷ, ಜಾಗ, ಮಾಡಿದ ತಪ್ಪು, ಕೊನೆಗೆ ಫೋಟೋ ನೋಡಲು ಒಂದು ಲಿಂಕು.

ತಪ್ಪು ನನ್ನದು, ಗಾಡಿ ಓಡಿಸುವವನು ನಾನು. ಆದರೆ ಗಾಡಿ ಇದ್ದದ್ದು ಅಣ್ಣನ ಹೆಸರಿನಲ್ಲಿ. ಅದು ಹೇಗೆಂಬುದನ್ನು ಮೊದಲು ಹೇಳಬೇಕು.

ನಾವು ಹೊಸದುರ್ಗ ತಾಲೂಕಿನ ಒಂದು ಹಳ್ಳಿಯವರು. ಕುರಿ ಸಾಕುವ ಮನೆ. ಅಣ್ಣ ಕುರಿಯ ಹಿಂದೆ ಉಳಿದ. ನಾನು ಓದಿ, ಜಮೀನು ಅಳೆಯುವ ಕೆಲಸಕ್ಕೆ ಸೇರಿ, ಹೊಳಲ್ಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆ. ಈಗಲೂ ಅಲ್ಲಿಯೇ ಒಬ್ಬನೇ ಇದ್ದೇನೆ. ಮನೆ ಭಾಗವಾದ ದಿನ ಊರಿನ ಐದು ಜನ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೊಲ, ಕುರಿ, ತೆಂಗಿನ ಮರ, ತಾಮ್ರದ ಹಂಡೆ, ಎಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆಸಿದರು. ಬೈಕಿನ ಮಾತು ಬಂದಾಗ ಅವರಲ್ಲೊಬ್ಬರು, "ಗಾಡಿ ಸಣ್ಣೋನು ತಗಣ್ಲಿ ಬಿಡ್ರಿ, ಅವಂದು ಓಡಾಡೋ ಕೆಲ್ಸ" ಎಂದರು. ಅಣ್ಣ ಉಡಿದಾರಕ್ಕೆ ಸಿಕ್ಕಿಸಿದ್ದ ಕೀಲಿ ಬಿಚ್ಚಿ ವೀಳ್ಯದೆಲೆಯ ಮೇಲಿಟ್ಟು ನನ್ನ ಕಡೆಗೆ ತಳ್ಳಿದ. ನಮ್ಮ ಹಟ್ಟಿಯಲ್ಲಿ ಎಲೆಯ ಮೇಲಿಟ್ಟು ಕೊಟ್ಟರೆ ಕೊಟ್ಟ ಹಾಗೆಯೇ. ಎತ್ತು ಮಾರುವವನು ಹಗ್ಗವನ್ನು ಎಲೆಯ ಮೇಲಿಟ್ಟರೆ ಎತ್ತು ಅವನದಲ್ಲ. ಹಾಗಾಗಿ ಆರ್‌ಸಿ ಯಾರ ಹೆಸರಿಗಿದೆ ಎಂದು ಯಾರೂ ಕೇಳಲಿಲ್ಲ. ದಿನಾ ಬೇರೆಯವರ ಪಹಣಿಯಲ್ಲಿ ಹೆಸರು ಸರಿಯಿದೆಯೇ ಎಂದು ಬೆರಳಿಟ್ಟು ನೋಡುವ ನಾನೂ ಕೇಳಲಿಲ್ಲ.

ಕೇಳಬೇಕೆಂದು ಹೊಳೆಯುವ ಹೊತ್ತಿಗೆ ನಮ್ಮಿಬ್ಬರ ಮಾತು ನಿಂತಿತ್ತು. ಹೊಲವನ್ನು ಎರಡು ಮಾಡುವುದಕ್ಕೆ ಹೊರಗಿನವರು ಯಾಕೆಂದು ಅಳತೆಯ ಸರಪಳಿ ಹಿಡಿದವನು ನಾನೇ. ಅಳತೆ ಸರಿಯಾಗಿತ್ತು. ಆಮೇಲೆ ಮೂರು ಸಲ ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ಎಲ್ಲರೂ ಅಂದಾಜು ಮಾಡಿದ್ದ ಬೇವಿನ ಮರದ ಬುಡಕ್ಕೆ ಬೀಳದೆ, ಗಡಿಕಲ್ಲು ಅಲ್ಲಿಂದ ಆರಡಿ ಅಣ್ಣನ ಕಡೆಗೆ ಬಿತ್ತು. ಅಣ್ಣ ಕಲ್ಲನ್ನು ನೋಡಿದ, ಮರವನ್ನು ನೋಡಿದ, ಐದೂ ಜನರ ಮುಂದೆ ಹೇಳಿದ: "ಓದಿದೋನ ಸರಪಳಿ ಓದಿದೋನ ಕಡೀಕೇ ಬಾಗ್ತೈತೆ."

"ಅನುಮಾನ ಇದ್ರೆ ಬೇರೆಯೋರ್ನ ಕರ್ಸಿ ಅಳ್ಸು" ಎಂದೆ. ಅವನು ಕರೆಸಲಿಲ್ಲ. ಕಲ್ಲು ಇದ್ದಲ್ಲೇ ಇದೆ. ಅಂದಿನಿಂದ ನನ್ನೊಂದಿಗೆ ಮಾತನಾಡಲೂ ಇಲ್ಲ.

ಮೊದಲನೆಯ ನೋಟಿಸು ಬಂದದ್ದು ಎಂಟು ತಿಂಗಳಾದ ಮೇಲೆ, ಬೆಳಿಗ್ಗೆ ಆರಕ್ಕೆ ಸ್ವಲ್ಪ ಮುಂಚೆ. ಅದು ಅಣ್ಣ ಕುರಿ ಬಿಡುವ ಹೊತ್ತು. ಲಿಂಕು ಒತ್ತಿದೆ. ಚಿತ್ರದುರ್ಗದ ಒಂದು ಸರ್ಕಲ್ಲಿನಲ್ಲಿ, ಕಂಬದ ಮೇಲಿನ ಕ್ಯಾಮರಾ ತೆಗೆದ ಚಿತ್ರ. ಹೆಲ್ಮೆಟ್ ಮೊಣಕೈಗೆ ನೇತುಬಿದ್ದಿದೆ. ನನ್ನನ್ನು ನಾನು ಮೇಲಿನಿಂದ ಎಂದೂ ನೋಡಿರಲಿಲ್ಲ. ನೆತ್ತಿ ಇಷ್ಟು ಬೋಳಾಗಿರುವುದು ಗೊತ್ತಿರಲಿಲ್ಲ. ಎಡಭುಜ ಒಂದಿಷ್ಟು ಕೆಳಗೆ ಬಿಟ್ಟು ಕುಳಿತಿದ್ದೆ, ಅಣ್ಣ ಕುಳಿತುಕೊಳ್ಳುವ ಹಾಗೆಯೇ. ನನಗೆ ದಾಟಿಸುವ ಮುಂಚೆ ಅವನೂ ಇದನ್ನು ತೆರೆದು ನೋಡಿರಬೇಕು ಅನ್ನಿಸಿತು. ಅವನು ಸುಮ್ಮನೆ ಇರಬಹುದಿತ್ತು, ಅಥವಾ ಬೈದು ಬರೆಯಬಹುದಿತ್ತು. ಎರಡೂ ಮಾಡಿರಲಿಲ್ಲ.

ಅವತ್ತೇ ಕಟ್ಟಿದ್ದರೆ ಮುಗಿಯುತ್ತಿತ್ತು. ಕಟ್ಟಲಿಲ್ಲ. ಅಣ್ಣನ ಹೆಸರಿನದು, ಅಣ್ಣನನ್ನು ಕೇಳದೆ ಹೇಗೆ ಕಟ್ಟುವುದು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯದು ಹಿರಿಯೂರಿನಲ್ಲಿ ಸಿಗ್ನಲ್ ದಾಟಿದ್ದಕ್ಕೆ ಬಂತು. ಮೂರು ಮತ್ತು ನಾಲ್ಕು ಮತ್ತೆ ಚಿತ್ರದುರ್ಗದ ಹೆಲ್ಮೆಟ್ಟಿನವು. ಐದನೆಯದರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಯಾವ ಕಂಬದಲ್ಲಿ ಕ್ಯಾಮರಾ ಇದೆ ಎಂಬುದು ಆ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಹೆಲ್ಮೆಟ್ ಟ್ಯಾಂಕಿನ ಮೇಲೆ ಇತ್ತು. ಕಂಬಕ್ಕೆ ಇನ್ನೂ ಮುನ್ನೂರು ಅಡಿ ಇರುವಾಗ ಹಾಕಿಕೊಳ್ಳಬೇಕೆಂದು ಕೈ ಹೋಯಿತು. ಅಣ್ಣನಿಂದ ಏನೂ ಬರದೆ ಐದು ತಿಂಗಳಾಗಿತ್ತು. ಕೈಯನ್ನು ಮತ್ತೆ ಹ್ಯಾಂಡಲ್ಲಿಗೆ ತಂದೆ. ಮೂರನೆಯ ದಿನ ಬೆಳಿಗ್ಗೆ ನೋಟಿಸು ಬಂತು. ಆರು ಮತ್ತು ಏಳರ ಬಗ್ಗೆಯೂ ನಾನು ಪ್ರಮಾಣ ಮಾಡಲಾರೆ.

ಏಳನೆಯದು ಬಂದು ಕೆಲವು ವಾರ ಕಳೆದಿತ್ತು. ನಮ್ಮೂರಿನ ಒಬ್ಬರು ಅಡಿಕೆ ವ್ಯಾಪಾರಕ್ಕೆಂದು ಹೊಳಲ್ಕೆರೆಗೆ ಬಂದವರು ನನ್ನ ಕಚೇರಿಯ ಬಾಗಿಲಲ್ಲಿ ನಿಂತರು.

"ಏನಪ್ಪ, ನಿಮ್ಮಣ್ಣನ ಮನೆಗೆ ಪೊಲೀಸ್ರು ಬಂದಿದ್ರು, ಗೊತ್ತಾ?"

"ಯಾಕೆ?"

"ಕೋರ್ಟ್ ಕಾಗ್ದ ಕೊಡಾಕೆ. ಉಣ್ಣೆ ಕತ್ರಸಾಕೆ ಜನ ಕುಂತಿದ್ರು. ಎಲ್ರ ಎದುರಿಗೇ ಹೆಸ್ರಿಡ್ದು ಕೂಗಿ ಕೊಟ್ಟೋದ್ರು. ಬರೇ ಕಾಲಾಗ್ ಕುರಿ ಕಾಯೋನ್ಗೆ ಹೆಲ್ಮೆಟ್ ದಂಡ ಏನ್ರೋ, ಇನ್ನ ಕುರಿಗೂ ಹಾಕ್ಸಪ್ಪ ಒಂದೊಂದ್ನ ಅಂತ ನಕ್ಕಿದ್ದೇ ನಕ್ಕಿದ್ದು."

"ಅಣ್ಣ ಏನಂದ?"

"ಏನಂತಾನೆ? ನಿಂಗೆ ಹೇಳು ಅಂದ. ಹೆಸ್ರು ಬದ್ಲಾಯಿಸ್ಕಂಡ್ರೆ ಸರಿ, ಇಲ್ಲಾಂದ್ರೆ ಗಾಡಿ ತಂದು ಸ್ಟೇಷನ್ ಮುಂದೆ ನಿಲ್ಸಿ ಹೋಗ್ಲಿ ಅಂದ."

ಅಂದು ಮಧ್ಯಾಹ್ನ ಅಳತೆಗೆ ಹೋಗಲಿಲ್ಲ. ದಂಡ ಕಟ್ಟದೆ, ಹೆಸರೂ ಬದಲಾಯಿಸದೆ ಬಿಟ್ಟರೆ ನನ್ನ ತಪ್ಪಿಗೆ ಅಣ್ಣ ಚಿತ್ರದುರ್ಗದ ಕೋರ್ಟಿನಲ್ಲಿ ನಿಲ್ಲಬೇಕು. ಬದಲಾಯಿಸಿದರೆ ಇನ್ನು ಮುಂದಿನ ನೋಟಿಸು ನೇರವಾಗಿ ನನ್ನ ಫೋನಿಗೇ ಬರುತ್ತದೆ. ಅಣ್ಣನಿಂದ ಬರುವುದಕ್ಕೆ ಏನೂ ಉಳಿಯುವುದಿಲ್ಲ. ಮಾಡಬೇಕಾದದ್ದು ಯಾವುದು ಎಂಬ ಬಗ್ಗೆ ಸಂಶಯ ಇರಲಿಲ್ಲ. ಆದರೂ ಅದನ್ನು ಮಾಡಲು ನಾಲ್ಕು ದಿನ ತೆಗೆದುಕೊಂಡೆ.

ಬಸ್ ಸ್ಟ್ಯಾಂಡಿನ ಹತ್ತಿರದ ಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹೆಣ್ಣುಮಗಳು ನಂಬರ್ ಒತ್ತಿ ಪರದೆ ನೋಡಿದಳು.

"ಒಂಬತ್ತು ಅವೆ ಸಾರ್."

"ಏಳೇ ಕಣಮ್ಮ."

"ಒಂಬತ್ತು. ಏಳು ಬಾಕಿ, ಎರಡು ಆಗ್ಲೇ ಕಟ್ಯಾರೆ. ಹೆಲ್ಮೆಟ್, ಹೆಲ್ಮೆಟ್, ಸಿಗ್ನಲ್, ಹೆಲ್ಮೆಟ್... ಅಲ್ಲ ಸಾರ್, ಊರಿನ್ ಹೊಲ ಎಲ್ಲಾ ಅಳೀತೀರಿ, ನಿಮ್ ತಲೆ ಅಳತೆದೊಂದು ಹೆಲ್ಮೆಟ್ ಸಿಗ್ಲಿಲ್ವಾ?"

ಪಕ್ಕದಲ್ಲಿ ಪಡಿತರ ಚೀಟಿಗೆ ಕುಳಿತಿದ್ದವರು ನಕ್ಕರು. ನಾನೂ ನಕ್ಕೆ. ಕಟ್ಟಿರುವ ಎರಡು ಯಾವುವು ಎಂದು ಕೇಳಿದೆ. ಅವಳು ತಾರೀಖು ಓದಿದಳು. ಎರಡಕ್ಕೂ ಒಂದೇ ತಪ್ಪು: ಹಿಂದೆ ಕುಳಿತವರು ಹೆಲ್ಮೆಟ್ ಹಾಕಿಲ್ಲ.

ನನ್ನ ಹಿಂದೆ ಯಾರೂ ಕೂರುವುದಿಲ್ಲ. ಚೀಲದಲ್ಲಿದ್ದ, ವರ್ಷಗಳಿಂದ ಬರೆಯುತ್ತಿರುವ ಕೆಲಸದ ಡೈರಿ ತೆಗೆದು ಮೊದಲ ತಾರೀಖು ನೋಡಿದೆ, ರಜೆ ಎಂದಿತ್ತು. ಎರಡನೆಯ ತಾರೀಖಿಗೂ ರಜೆ. ಅವೆರಡೂ ಅವ್ವನನ್ನು ಚಿತ್ರದುರ್ಗಕ್ಕೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನಗಳು.

ಅವ್ವ ಅಣ್ಣನ ಮನೆಯಲ್ಲಿದ್ದಳು. ನಾನು ಮನೆಯ ತನಕ ಹೋಗುತ್ತಿರಲಿಲ್ಲ. ಊರ ಹೊರಗಿನ ಬಸ್ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಅವ್ವ ಒಬ್ಬಳೇ ನಡೆದು ಬರುತ್ತಿದ್ದಳು, ಕೈಯಲ್ಲಿ ಬುತ್ತಿ ಗಂಟು. ಹೆಲ್ಮೆಟ್ ಹಾಕಿಕೋ ಎಂದು ಅವಳಿಗೇ ಕೊಟ್ಟರೆ, "ಏ ತಗೀಲೇ ಅತ್ಲಾಗೆ, ಕೊಡಪಾನ ಬೋರ್ಲಾಕ್ಕಂಡಂಗ್ ಆಗ್ತೈತೆ" ಎಂದು ಸೆರಗು ಎಳೆದು ತಲೆಗೆ ಬಿಗಿದುಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಅಣ್ಣನ ಮನೆಯ ಒಂದು ಸುದ್ದಿಯನ್ನೂ ಹೇಳುತ್ತಿರಲಿಲ್ಲ. ಕೇಳಿದರೆ, "ನಿಂಗ್ ಬಾಯಿಲ್ವ, ನೀನೇ ಹೋಗ್ ಕೇಳು" ಎನ್ನುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಮಣ್ಣು ಮಾಡುವಾಗ ಅಣ್ಣನೂ ನಾನೂ ಗುಂಡಿಯ ಎರಡು ಬದಿಯಲ್ಲಿ ನಿಂತಿದ್ದೆವು.

ಆ ಎರಡು ನೋಟಿಸುಗಳನ್ನು ಅಣ್ಣ ನನಗೆ ದಾಟಿಸಿರಲಿಲ್ಲ. ತಾನೇ ಕಟ್ಟಿಬಿಟ್ಟಿದ್ದ.

"ಅವೆರಡರ ಫೋಟೋ ತೋರಿಸ್ತೀಯಾ?" ಎಂದೆ.

ಅವಳು ಎರಡು ಸಲ ಒತ್ತಿದಳು. "ಕಟ್ಟಿದ್ಮೇಲೆ ನಮಗ್ ತೆರೆಯಲ್ಲ ಸಾರ್. ನೋಟಿಸ್ ಬಂದೋರ ಫೋನಾಗೆ ಇಟ್ಕಂಡಿದ್ರೆ ಉಂಟು."

ಉಳಿದ ಏಳನ್ನೂ ಕಟ್ಟಿ ರಸೀದಿ ತೆಗೆದುಕೊಂಡೆ. ಹೆಸರು ಬದಲಾಯಿಸುವ ಅರ್ಜಿಗೆ ಅಣ್ಣನ ಸಹಿ ಬೇಕು, ಅವನ ಫೋನಿಗೆ ಹೋಗುವ ಆರಂಕಿಯ ಒಟಿಪಿ ಬೇಕು ಎಂದಳು. "ಹತ್ತು ನಿಮಿಷ ಅಷ್ಟೇ ಇರ್ತೈತೆ. ಫೋನ್ ಮಾಡಿ ಕೇಳ್ಬಿಡ್ರಿ." ನಾನೇ ಹೋಗುತ್ತೇನೆ, ಅಲ್ಲಿಂದ ಫೋನ್ ಮಾಡಿದಾಗ ಕಳಿಸು ಎಂದೆ.

ಮರುದಿನ, ಅವ್ವನ ಮಣ್ಣಿನ ದಿನ ಬಿಟ್ಟರೆ ನಾಲ್ಕು ವರ್ಷದಲ್ಲಿ ಮೊದಲ ಸಲ, ಆ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಅತ್ತಿಗೆ ಬಾಗಿಲಿಗೆ ಬಂದವಳು, "ಬಾರಪ್ಪ, ಅಲ್ಯಾಕ್ ಬಿಸ್ಲಾಗ್ ನಿಂತೀಯ, ಏನ್ ಹೊಸಬನಾ" ಎಂದಳು. ಅಣ್ಣ ಕುರಿದೊಡ್ಡಿಯಲ್ಲಿದ್ದ. ಮರಿಯೊಂದನ್ನು ಮಂಡಿಯ ನಡುವೆ ಹಿಡಿದು ಗೊರಸಿಗೆ ಔಷಧಿ ಹಚ್ಚುತ್ತಿದ್ದ. ತಲೆಯೆತ್ತದೆ ಹೆಂಡತಿಗೆ ಹೇಳಿದ:

"ಏನಂತೆ ಕೇಳು."

"ನಾನ್ಯಾಕ್ ಕೇಳ್ಳಿ? ಮಗ್ಲಾಗೇ ನಿಂತಾನೆ, ನೀನೇ ಕೇಳು" ಎಂದು ಅತ್ತಿಗೆ ಒಳಗೆ ಹೋದಳು.

ಅರ್ಜಿಯನ್ನು ದೊಡ್ಡಿಯ ಕಲ್ಲಿನ ಮೇಲೆ ಇಟ್ಟೆ. ಅವನು ಕೈ ಒರೆಸಿಕೊಂಡು, ತೋರಿಸಿದ ಮೂರೂ ಕಡೆ ನಿಧಾನವಾಗಿ ಸಹಿ ಹಾಕಿದ. ನಾನು ಕೇಂದ್ರಕ್ಕೆ ಫೋನ್ ಮಾಡಿದೆ. ಒಟಿಪಿ ಬರಲಿಲ್ಲ. ದೊಡ್ಡಿಯಲ್ಲಿ ಸಿಗ್ನಲ್ ಇರಲಿಲ್ಲ. ಅಣ್ಣ ಹಿತ್ತಿಲ ಕಡೆಯ ದಿಬ್ಬ ಹತ್ತಿದ. ನಾನು ಹಿಂದೆ ಹೋದೆ. ಅಲ್ಲಿ ಇಬ್ಬರೂ ಅವನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತೆವು. ಹತ್ತು ನಿಮಿಷ ಮುಗಿದುಹೋಯಿತು. ಹೆಣ್ಣುಮಗಳು ಇನ್ನೊಂದು ಕಳಿಸಿದಳು. ಫೋನು ಟಣ್ ಎಂದಿತು. ಅಣ್ಣ ಅದನ್ನು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿದ.

"ಇತ್ಲಾಗ್ ಕೊಡಣ್ಣ, ನಾನ್ ಓದ್ತೀನಿ."

"ಬ್ಯಾಡ." ಫೋನನ್ನು ಎದೆಯ ಕಡೆಗೆ ತಿರುಗಿಸಿಕೊಂಡ. "ನಂಗೇನ್ ಕಣ್ಣಿಲ್ವಾ?"

ನಾಲ್ಕು ವರ್ಷದಲ್ಲಿ ನನಗೆಂದೇ ಅವನು ಆಡಿದ ಮೊದಲ ಮಾತು ಅದು. ಒಂದೊಂದೇ ಅಂಕಿ ಹೇಳಿದ. ನಾನು ಒಂದೊಂದನ್ನೇ ಫೋನಿನಲ್ಲಿ ಹೇಳಿದೆ. ಆರನೆಯ ಅಂಕಿಯಾದ ಮೇಲೆ ಅವಳು, "ಆಯ್ತು ಸಾರ್" ಎಂದಳು.

"ಆತಂತೆ" ಎಂದೆ.

ಅಣ್ಣ ತಲೆಯಾಡಿಸಿದ. ಆಗ ಕೇಳಿದೆ: "ಎರಡು ದಂಡ ನೀನೇ ಕಟ್ಟೀಯಲ್ಲಣ್ಣ?"

"ಅವು ಅವ್ವಂದು" ಎಂದ. ಅವನು ಫೋನನ್ನು ಅಂಗಿಯ ಒಳಜೇಬಿಗೆ ಇಟ್ಟು ಗುಂಡಿ ಹಾಕಿಕೊಂಡ. ಫೋಟೋ ತೋರಿಸು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ದಿಬ್ಬ ಇಳಿಯುವಾಗ ಅವನು ಮುಂದಿದ್ದ. ಅರ್ಧ ಇಳಿದವನು ತಿರುಗದೆ ಕೇಳಿದ:

"ಹಂಗಾರೆ ಇನ್ನ ನನ್ ಫೋನಿಗ್ ಏನೂ ಬರಲ್ಲ?"

"ಬರಲ್ಲಣ್ಣ."

"ಒಂದೂ?"

"ಒಂದೂ ಬರಲ್ಲ."

ಅವನು ಇದ್ದಲ್ಲೇ ನಿಂತ. ಎಡಗಾಲು ಕೆಳಗಿನ ಕಲ್ಲಿನ ಮೇಲಿತ್ತು, ಬಲಗಾಲು ಮೇಲೆಯೇ ಇತ್ತು. ನಾನು ಅವನ ಹಿಂದೆ ಎರಡು ಹೆಜ್ಜೆ ಮೇಲೆ ನಿಂತಿದ್ದೆ. ಅವನ ನೆತ್ತಿಯೂ ಬೋಳಾಗಿತ್ತು. "ಒಳ್ಳೇದಾತ್ ಬಿಡು" ಎಂದು ಇಳಿದು ದೊಡ್ಡಿಗೆ ಹೋಗಿ ಇನ್ನೊಂದು ಮರಿ ಹಿಡಿದುಕೊಂಡ. ಅತ್ತಿಗೆ ಕೊಟ್ಟ ಚಾ ಕುಡಿದು ನಾನು ಹೊರಟೆ.

ತಿಂಗಳಾದ ಮೇಲೆ ಹೊಸ ಆರ್‌ಸಿ ಅಂಚೆಯಲ್ಲಿ ಬಂತು. ಅದರ ಫೋಟೋ ತೆಗೆದು, ಕೆಳಗೆ "ಆಯ್ತು ಅಣ್ಣ" ಎಂದು ಬರೆದು ಅಣ್ಣನಿಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಕುರಿ ಬಿಡುವ ಹೊತ್ತಿಗೆ ಅವನು ಅದನ್ನು ನೋಡಿದ್ದಾನೆ. ಫೋನು ಅಷ್ಟನ್ನು ತೋರಿಸುತ್ತದೆ. ಉತ್ತರ ಬಂದಿಲ್ಲ. ನನ್ನ ಫೋನಿಗೆ ದಂಡದ ನೋಟಿಸೂ ಇದುವರೆಗೆ ಬಂದಿಲ್ಲ. ಈಗ ಹೆಲ್ಮೆಟ್ ಹಾಕಿಕೊಂಡೇ ಓಡಾಡುತ್ತೇನೆ.